ಮಾವನವರ ಫೋಟೋ ಮತ್ತು ತತ್ತಿ ವಾಸನೆ

ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರೆ. ನನ್ನದು ಅಲ್ಲೇ ಇದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಕೆರಳಿಸುವುದು ಯಾವಾಗಲೂ ಇನ್ನೊಬ್ಬರ ಮೂಗು. ನಮ್ಮ ಅತ್ತೆಯವರದು ಅಂಥ ಮೂಗು. ಕುರುಗೋಡಿನಿಂದ ಬಳ್ಳಾರಿಯ ನಮ್ಮ ಮನೆಗೆ ಬಂದ ದಿನವೇ, ಪಕ್ಕದ ಮನೆಯ ಸಾರಿಗೆ ಇಂಗು ಬಿದ್ದಿಲ್ಲವೆಂದು ನಮ್ಮ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟವರು. ಲಿಂಗಪೂಜೆ ಆಗದೆ ನೀರೂ ಮುಟ್ಟುವುದಿಲ್ಲ. ಅಂಥವರ ಮೂಗಿನ ಕೆಳಗೆ ನಾನು ಫೋಟೋ ತೊಳೆಯಬೇಕು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಬಂದು ಬಚ್ಚಲಿಗೆ ಕಪ್ಪು ಪರದೆ ಕಟ್ಟಿಕೊಂಡು ಕಪ್ಪು ಬಿಳುಪು ಫೋಟೋ ಮಾಡುವುದು ನನ್ನ ಹುಚ್ಚು. ಫೋನಿನಲ್ಲಿ ಒತ್ತಿದರೆ ಬರುತ್ತದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದಕ್ಕಿಂತ ದೊಡ್ಡ ಉರಿ ನಮ್ಮ ಮನೆಯ ಗೋಡೆಯ ಮೇಲಿತ್ತು. ತೀರಿಹೋದ ಮಾವನವರ ಫೋಟೋ ಹಳದಿಗಟ್ಟಿ, ಅರ್ಧ ಮೀಸೆ ಮಾಸಿಹೋಗಿತ್ತು. ಮಾಡಿಕೊಟ್ಟ ಸ್ಟುಡಿಯೋದವನು ಸರಿಯಾಗಿ ತೊಳೆದಿರಲಿಲ್ಲ, ಅಷ್ಟೇ. ಚಿತ್ರವನ್ನು ಕಾಗದದ ಮೇಲೆ ನಿಲ್ಲಿಸುವ ಹೈಪೋ ಎಂಬ ಔಷಧಿ ಕಾಗದದಲ್ಲೇ ಉಳಿದುಬಿಟ್ಟರೆ, ಮುಂದೆ ಅದೇ ಚಿತ್ರವನ್ನು ತಿನ್ನುತ್ತದೆ. ಹರಿಯುವ ನೀರಲ್ಲಿ ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಒಬ್ಬ ಮನುಷ್ಯನ ಮುಖಕ್ಕಿಂತ ಒಂದು ಕೊಡ ನೀರು ಹೆಚ್ಚಾಯಿತೇ? ಆ ಫೋಟೋ ಒರೆಸುವಾಗೆಲ್ಲ ಅವನನ್ನು ಬಯ್ಯುವುದು ನನ್ನ ನಿತ್ಯಪೂಜೆ. ನೆಗೆಟಿವ್ ಟ್ರಂಕಿನಲ್ಲಿ ಉಳಿದಿತ್ತಾದ್ದರಿಂದ ಹೊಸದು ಮಾಡಿಕೊಡುತ್ತೇನೆ ಎಂದೆ.

"ಈ ಸಲ ಅಳಿಸಬಾರದು ನೋಡವಾ. ನಾ ಹೋದ ಮ್ಯಾಲೂ ಅವರು ಗ್ವಾಡಿ ಮ್ಯಾಲ ಇರಬೇಕು" ಎಂದರು ಅತ್ತೆ.

ಬಚ್ಚಲ ಕತ್ತಲೆಯಲ್ಲಿ ಹೊಸ ಫೋಟೋ ಮಾಡಿ ಮುಗಿಸಿದೆ. ಬಹುಕಾಲ ಬಾಳಬೇಕಾದರೆ ಫೋಟೋಕ್ಕೆ ಕಂದುಬಣ್ಣ ಏರಿಸಬೇಕು. ಅದಕ್ಕೆ ಕತ್ತಲೆ ಬೇಡ, ಗಾಳಿ ಬೇಕು. ನಳದಲ್ಲಿ ನೀರು ಬಂದ ಭಾನುವಾರ ಹಿತ್ತಲಲ್ಲಿ ಟ್ರೇಗಳನ್ನು ಜೋಡಿಸಿಕೊಂಡು ಕೂತೆ. ಮೊದಲ ಟ್ರೇಯ ಔಷಧಿಯಲ್ಲಿ ಚಿತ್ರ ಪೂರ್ತಿ ಬಿಳಚಿಕೊಳ್ಳುತ್ತದೆ, ಎರಡನೆಯದರಲ್ಲಿ ಕಂದಾಗಿ ಮರಳಿ ಬರುತ್ತದೆ. ಮಾವನವರು ಬಿಳಚಿಕೊಂಡ ಗಳಿಗೆಗೇ ಅತ್ತೆ ಬರಬೇಕೇ?

"ಶಿವನೇ, ಇದ್ದ ಅರ್ಧ ಮೀಸಿನೂ ತಗದಿಯಲ್ಲವಾ."

ನಾನು ಹಲ್ಲು ಕಚ್ಚಿಕೊಂಡು ಕಾಗದವನ್ನು ಎರಡನೆಯ ಟ್ರೇಗೆ ಜಾರಿಸಿದೆ. ಮಾವನವರು ಮೀಸೆ ಸಮೇತ ಎದ್ದು ಬಂದರು. ಜೊತೆಗೆ ವಾಸನೆಯೂ ಎದ್ದಿತು. ಆ ಔಷಧಿಯ ಗುಣವೇ ಅದು, ಥೇಟ್ ಬೇಯಿಸಿದ ಮೊಟ್ಟೆ. ಅತ್ತೆಯವರ ಮೂಗು ಅರಳಿತು.

"ಈ ಮನ್ಯಾಗ ತತ್ತಿ ತಂದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ನನ್ನ ಗಂಡ ಪೇಪರ್ ಹಿಡಿದುಕೊಂಡೇ ಬಂದು ನಿಂತರು. ಮುಖ ಮೊದಲ ಟ್ರೇಯಲ್ಲಿ ಅದ್ದಿ ತೆಗೆದಂತಿತ್ತು.

"ಯವ್ವಾ, ಮನಿಗೆ ತಂದಿಲ್ಲ. ಬಸ್ ಸ್ಟ್ಯಾಂಡ್ ಹತ್ರ ಗಾಡ್ಯಾಗ ತಿಂದ್ ಬಂದೀನಿ. ಬಾಯಿನೂ ತೊಳಕೊಂಡೀನಿ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ತಿಂದು ಬಂದೆನೆಂದು, "ಅದರಾಗ ತತ್ತಿ ಹಾಕಿರತಾರ, ನಮ್ಮ ಮನಿತನ ಎಂಥಾದ್ದು" ಎಂದು ಒಂದು ಸಂಜೆಯಿಡೀ ಉಪದೇಶ ಮಾಡಿದ ಮಹಾನುಭಾವ ಈತ. ಮನೆತನ ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಎಂದು ಅವತ್ತೇ ಹೇಳಬಾರದಿತ್ತೇ? ಅವರನ್ನು ಆಮೇಲೆ ವಿಚಾರಿಸಿಕೊಳ್ಳೋಣವೆಂದು ಅತ್ತೆಯವರ ಕಡೆಗೇ ತಿರುಗಿದೆ.

"ಅತ್ತೀ, ಇದು ಔಷಧಿ ವಾಸನಿರೀ. ಅದಿರಲಿ, ಹುಟ್ಟಿದಾಗಿಂದ ತತ್ತಿ ಮುಟ್ಟದ ನಿಮಗ ಅದರ ವಾಸನಿ ಹೆಂಗ ಗೊತ್ತಾತು?"

ಕೇಳಬಾರದಿತ್ತೇನೋ. ಅತ್ತೆ ಸೆರಗು ಸರಿಮಾಡಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ನಿಮ್ಮ ಮಾವ ಸಿರುಗುಪ್ಪಕ್ಕ ಭತ್ತ ಮಾರಾಕ ಹೋಗಿ ಬಂದಾಗೆಲ್ಲ ಇದ ವಾಸನಿ. ಮ್ಯಾಲ ಎಲಿ ಅಡಿಕಿ ಹಾಕ್ಕೊಂಡ್ ಬರತಿದ್ರು. ನಾ ಕೇಳಲಿಲ್ಲ, ಅವರು ಹೇಳಲಿಲ್ಲ."

ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಫೋಟೋವನ್ನು ಕೊನೆಯ ಟ್ರೇಗೆ ಹಾಕಿ ನಳ ಬಿಟ್ಟೆ. ಅತ್ತೆ ಬಗ್ಗಿ ಮೂಸಿದರು.

"ಈಗ ಅವರಂಗ ಅದಾರ" ಎಂದರು.

ವಾಸನೆ ಪೂರ್ತಿ ಹೋಗುವವರೆಗೆ ತೊಳೆಯದಿದ್ದರೆ ಫೋಟೋ ಬಾಳುವುದಿಲ್ಲ ಎಂದು ವಿವರಿಸಿದೆ. ಹೈಪೋ, ಹಳದಿ ಕಲೆ, ಆ ಸ್ಟುಡಿಯೋದವನು, ಎಲ್ಲವನ್ನೂ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಗ್ವಾಡಿ ಮ್ಯಾಲ ಎಷ್ಟ್ ದಿನ ಇರತಾರೋ ಇರಲಿ. ನಳ ಬಂದ್ ಮಾಡವಾ, ಸಾಕು."

ಬಂದ್ ಮಾಡಿದೆ. ಅವರಿಲ್ಲದಾಗ ಇಳಿಸಿ ಮತ್ತೆ ತೊಳೆದರಾಯಿತು ಎಂದುಕೊಂಡಿದ್ದೆ, ಇನ್ನೂ ತೊಳೆದಿಲ್ಲ. ಪ್ರತಿದಿನ ಪೂಜೆ ಮುಗಿಸಿ ಅತ್ತೆ ಆ ಫೋಟೋದ ಹತ್ತಿರ ಮೂಗು ಒಯ್ದು ನಿಲ್ಲುತ್ತಾರೆ. ಅವರು ಸರಿದ ಮೇಲೆ ನಾನು ಹೋಗಿ ಮೀಸೆ ಹಳದಿಯಾಯಿತೇ ಎಂದು ನೋಡುತ್ತೇನೆ. ಸ್ಟುಡಿಯೋದವನನ್ನು ಬಯ್ಯುವ ನಿತ್ಯಪೂಜೆಯನ್ನು ಮಾತ್ರ ಈಗ ಬಿಟ್ಟಿದ್ದೇನೆ. ಅವನ ನಳದ ಪಕ್ಕದಲ್ಲೂ ಅವತ್ತು ಯಾರು ಕೂತು ಸಾಕು ಎಂದಿದ್ದರೋ.