ಖಲ್ಫಾನ್ ಕೆಳಗಿಟ್ಟ ಬಟ್ಟಲು

ಮರಳ ದಿಬ್ಬದ ನೆತ್ತಿಯಲ್ಲೇ ಒಂದು ಡೇರೆ, ಪಕ್ಕದಲ್ಲಿ ಒಂದು ಜೀಪು. ಬೇಲಿ ಹಾಕಿ ಹಸಿರಿಗೆಂದು ಮೀಸಲಿಟ್ಟ ಆ ಜಾಗದ ಕಾವಲುಗಾರ ಖಲ್ಫಾನ್ ಅದನ್ನು ಕೆಳಗಿನಿಂದಲೇ ಕಂಡ. ವರ್ಷಗಟ್ಟಲೆ ಬೇಲಿ ಕಾದ ಮೇಲೆ ಈಗಷ್ಟೇ ಅಲ್ಲಿ ಹುಲ್ಲು ಹಿಡಿದಿತ್ತು, ಬನ್ನಿಮರದ ಸಸಿಗಳು ಮೊಣಕಾಲುದ್ದ ಬಂದಿದ್ದವು. ಮದುವೆಯಿಲ್ಲದ ಆ ಮನುಷ್ಯನಿಗೆ ಅವೇ ಸಂಸಾರ.

ಏದುಸಿರು ಬಿಡುತ್ತಾ ಹತ್ತಿದ. ಬಾಯಿ ತೆರೆಯುವ ಮೊದಲೇ ಡೇರೆಯ ಯಜಮಾನ, ಮುದುಕ ಮುಸಬ್ಬಹ್, ಕೈಗೆ ಕಾಫಿ ಬಟ್ಟಲು ಕೊಟ್ಟ. ಕುಡಿದರೆ ಕೆಲಸ ಕೆಟ್ಟಿತು. ಒಬ್ಬರ ಕಾಫಿ ಕುಡಿದು ಅವರನ್ನೇ ಎಬ್ಬಿಸಿ ಕಳಿಸುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಖಲ್ಫಾನ್ ಬಟ್ಟಲನ್ನು ಹಾಗೇ ಕೆಳಗಿಟ್ಟ. ಅಲ್ಲಿನ ರೂಢಿಯಲ್ಲಿ ಅದಕ್ಕೆ, ಕೇಳಿದ್ದನ್ನು ಕೊಡುವ ತನಕ ಕುಡಿಯುವುದಿಲ್ಲ ಎಂದರ್ಥ. ಅತಿಥಿಯನ್ನು ಒಣಬಾಯಲ್ಲಿ ಕಳಿಸಿದ ಮನೆತನ ತಲೆಯೆತ್ತಿ ತಿರುಗುವಂತಿಲ್ಲ.

“ಕೇಳು ಮಗಾ. ಕೊಟ್ಟೆ ಅಂತಾನೇ ತಿಳ್ಕೋ.”

“ಚಿಕ್ಕಪ್ಪ, ಈ ಡೇರೆ ತೆಗೀಬೇಕು. ಇನ್ಮುಂದೆ ಈ ದಿಬ್ಬದ ಮೇಲೆ ಹಾಕ್ಬಾರ್ದು.”

“ಇಷ್ಟೇನಾ! ಸಂಜೆಗೆ ಹೊರಟ್ವಿ. ಕುಡಿ.”

ಖಲ್ಫಾನ್ ಕುಡಿದ. ಅಷ್ಟರಲ್ಲಿ ಮುದುಕ ಫೋನು ಹಿಡಿದಿದ್ದ. “ಅತಿಥಿ ಬಂದಿದ್ದಾನೆ ಕಣೋ, ಬಟ್ಟಲು ಕೆಳಗಿಟ್ಟು ಕೇಳ್ದ! ಕುರಿ ಕಡೀತಿದೀವಿ. ಎಲ್ಲಾರ್ನೂ ಕರ್ಕೊಂಡು ಬಾ.”

“ಬೇಡ ಚಿಕ್ಕಪ್ಪ!”

“ಬೇಡ ಅನ್ನೋಕೆ ನೀನ್ಯಾರು? ನಿಂಗೆ ಮರ್ಯಾದೆ ಮಾಡ್ದೆ ಕಳಿಸಿದ್ರೆ ನನ್ನ ಮುಖಕ್ಕೆ ಮಸಿ!”

ಮಧ್ಯಾಹ್ನದ ಹೊತ್ತಿಗೆ ಮಸ್ಕತ್ತಿನ ತಮ್ಮಂದಿರು, ಕರಾವಳಿಯ ಅಳಿಯಂದಿರು, ಅವರ ಬೀಗರು ಜೀಪುಗಳಲ್ಲಿ ಮದುವೆ ದಿಬ್ಬಣದ ಹಾಗೆ ಬಂದಿಳಿದರು. ಅತಿಥಿಯ ಮನರಂಜನೆಗೆಂದು ಅಳಿಯಂದಿರು ಟಯರಿನ ಗಾಳಿ ಇಳಿಸಿ, ದಿಬ್ಬವನ್ನು ಹತ್ತಿ ಇಳಿದು ಮತ್ತೆ ಹತ್ತಿ ತೋರಿಸಿದರು. ನೆರಳಿಗೆ ಇನ್ನಷ್ಟು ಡೇರೆಗಳು ಎದ್ದವು. ಒಲೆಗೆ ಸೌದೆ ಸಾಲದೆ ಯಾರೋ ಪುಣ್ಯಾತ್ಮರು ಸಸಿಗಳನ್ನೇ ಕಿತ್ತು ತಂದರು. ಖಲ್ಫಾನ್ ತಡೆಯಲು ಎದ್ದರೆ, ಅತಿಥಿ ಏಳಬಾರದೆಂದು ನಾಲ್ಕು ಕೈಗಳು ಕೂರಿಸಿದವು. ತನ್ನ ಸಸಿಗಳ ಬೆಂಕಿಯಲ್ಲಿ ಬೆಂದ ಮಾಂಸವನ್ನು ಬಾಯಲ್ಲಿಟ್ಟುಕೊಂಡು ಅವನು ಅತ್ತೇಬಿಟ್ಟ.

“ಪಾಪ, ಯಾರೂ ಇಷ್ಟು ಪ್ರೀತಿ ತೋರ್ಸಿಲ್ಲ ಅಂತ ಕಾಣ್ಸುತ್ತೆ,” ಎಂದು ಬೀಗರೊಬ್ಬರು ಬೆನ್ನು ಸವರಿದರು.

ಸಂಜೆ ಮಾತಿಗೆ ತಪ್ಪದೆ ಎಲ್ಲ ಡೇರೆಗಳನ್ನೂ ಕಿತ್ತರು. ದಿಬ್ಬದಲ್ಲಿ ಹುಲ್ಲೆಸಳೂ ಉಳಿದಿರಲಿಲ್ಲ. ಬೇಲಿಯೊಳಗೇ ಇದ್ದ, ಇಷ್ಟೇ ಹಸಿರು ಹಿಡಿದಿದ್ದ ಆಚೆಯ ದಿಬ್ಬವಾದರೂ ಉಳಿಯಿತಲ್ಲ ಎಂದು ಖಲ್ಫಾನ್ ಸಮಾಧಾನ ಮಾಡಿಕೊಂಡ.

ಆದರೆ ಯಾರೂ ಜೀಪು ಚಾಲೂ ಮಾಡಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಾ ಕಾದರು. ಉಂಡವನು ಉಣಿಸಿದವರನ್ನು ತಿರುಗಿ ಕರೆಯದೆ ಬೀಳ್ಕೊಟ್ಟರೆ ಅದಕ್ಕಿಂತ ದೊಡ್ಡ ಅವಮಾನ ಉಂಟೇ?

“ಶುಕ್ರವಾರ ಎಲ್ಲಾರೂ ನಮ್ಮನೆಗೆ ಊಟಕ್ಕೆ ಬರ್ಬೇಕು, ಚಿಕ್ಕಪ್ಪ,” ಎಂದ, ಸತ್ತ ದನಿಯಲ್ಲಿ.

“ಬರ್ದೇ ಇರ್ತೀವಾ! ಮನೆ ಎಲ್ಲಿ?”

ಖಲ್ಫಾನ್ ಬೆರಳೆತ್ತಿ ಆಚೆಯ ದಿಬ್ಬದ ಮೇಲಿದ್ದ ಕಾವಲು ಕೋಣೆಯನ್ನು ತೋರಿಸಿದ.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. “ಅಯ್ಯೋ, ಹತ್ರಾನೇ ಇದೆ. ನಡ್ಕೊಂಡು ಯಾಕೆ, ಜೀಪಲ್ಲೇ ಸೀದಾ ಹತ್ತಿಬಿಡಬಹುದು!”