ಎಡಕ್ಕೆ ವಾಲಿದ ಕಾರು

ಹಳೇ ಕಾರು ಇಟ್ಟುಕೊಂಡವರ ಮನೆ ಮುಂದೆ ಏನಾದರೊಂದು ಆಗುತ್ತಲೇ ಇರುತ್ತದೆ, ಕಾರು ಓಡುವುದೊಂದು ಬಿಟ್ಟು.

ಜಯನಗರದ ನಮ್ಮ ಗೇಟಿನೊಳಗೆ ಅಪ್ಪನ ಕಾಲದ ಕಾರೊಂದಿದೆ. ತನ್ನ ಮದುವೆ ರಿಸೆಪ್ಷನ್‌ಗೆ ಅದರಲ್ಲೇ ಹೋಗಬೇಕೆಂದು ಅಣ್ಣನ ಮಗಳ ಹಟ. "ಚಿಕ್ಕಪ್ಪಾ, ಅದು ಬರದಿದ್ರೆ ನಾನೂ ಬರಲ್ಲ." ಚಕ್ರದ ಕುಲುಕು ತಡೆಯುವ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳೆಲ್ಲ ಸವೆದು, ಕಾರು ಒಂದೊಂದು ಹಂಪ್‌ಗೂ ನರಳುತ್ತಿತ್ತು. ತಿಲಕ್ ನಗರದಿಂದ ಮೆಕ್ಯಾನಿಕ್ ಬಂದರು.

ಸ್ನಾನ

ಹೊಸ ಬುಷ್ ಎಷ್ಟು ತಳ್ಳಿದರೂ ಒಳಗೆ ಹೋಗಲಿಲ್ಲ. "ಎಣ್ಣೆ ಹಾಕಿದ್ರೆ ರಬ್ಬರ್ ಹಾಳಾಗತ್ತೆ ಸಾರ್, ಸೋಪ್ ನೀರು ಕೊಡಿ" ಎಂದರು. ನನ್ನ ಕೈಗೆ ಸಿಕ್ಕಿದ್ದು ನೆಂಟರು ಬಂದಾಗ ಮಾತ್ರ ಹೊರಬರುವ ಗಂಧದ ಸೋಪು. ಬುಷ್ ಜಾರಿ ಕೂತಿತು. ಬೀದಿಯೆಲ್ಲ ಘಮಘಮ. ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿ, "ಅಂತೂ ಈ ಭಾನುವಾರ ಮನೇಲಿ ಒಬ್ರದ್ದಾದ್ರೂ ಬೇಗ ಸ್ನಾನ ಆಯ್ತು" ಎಂದಳು.

ಭಾರ

ಬುಷ್ ಹಿಡಿದಿಡುವ ಬೋಲ್ಟುಗಳನ್ನು ಕೊನೆಯದಾಗಿ ಬಿಗಿ ಮಾಡುವುದು ಕಾರನ್ನು ಜಾಕ್‌ನಿಂದ ಇಳಿಸಿ, ಒಳಗೆ ಜನ ಕೂತ ಮೇಲೆ; ಆಗಿದ್ದ ಭಾರಕ್ಕೇ ರಬ್ಬರ್ ಹೊಂದಿಕೊಂಡು ನಿಲ್ಲುತ್ತದೆ. "ಯಾರಾದ್ರೂ ಕೂತ್ಕೊಳ್ಳಿ" ಎನ್ನುವ ಮೊದಲೇ ಎದುರುಮನೆ ಅಂಕಲ್ ಪೇಪರ್ ಸಮೇತ ಹಿಂದಿನ ಸೀಟಿನ ಎಡಗಡೆ ಕೂತಾಗಿತ್ತು. ಭಾರಿ ಆಳು. ಬಿಗಿ ಮಾಡಿ ಆಯಿತು, ಅಂಕಲ್ ಕಾಫಿ ಕುಡಿದು ಇಳಿದರು. ಕಾರು ಮಾತ್ರ ಅವರು ಇಳಿದದ್ದನ್ನು ನಂಬದೆ ಎಡಕ್ಕೇ ವಾಲಿ ನಿಂತಿತು.

ಮೆಕ್ಯಾನಿಕ್ ತಲೆ ಕೆರೆದುಕೊಂಡರು. "ಸಡಿಲಿಸಿ ಮತ್ತೆ ಮಾಡ್ಬೇಕು ಸಾರ್. ಬಲಗಡೆಗೂ ಅಷ್ಟೇ ಭಾರ ಬೇಕು."

ಬೀದಿಯಲ್ಲಿ ಅಷ್ಟು ಭಾರದವರು ಇನ್ನೊಬ್ಬರೇ, ಅಂಕಲ್ ಅವರ ಹೆಂಡತಿ. ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ, ಅಂಕಲ್‌ಗಂತೂ ಮದುವೆಯಾದಾಗಿಂದ ಇಲ್ಲ. ಕೊನೆಗೆ ಆಂಟಿ ತಾವಾಗಿಯೇ ಬಂದು ಬಲಗಡೆ ಕೂತರು. "ಇವರು ವಾಲಿಸಿದ್ದನ್ನೆಲ್ಲ ನೆಟ್ಟಗೆ ಮಾಡೋದು ಇನ್ಯಾರು?"

ರಿಸೆಪ್ಷನ್

ಆ ದಿನ ಕಾರು ಗೆರೆ ಎಳೆದ ಹಾಗೆ ನೇರವಾಗಿತ್ತು. ಆದರೆ ಮದುಮಕ್ಕಳು ಬರುವ ಮೊದಲೇ ಹಿಂದಿನ ಸೀಟಿನಲ್ಲಿ, ಎಡಗಡೆ ಅಂಕಲ್ ಸೂಟಿನಲ್ಲಿ, ಬಲಗಡೆ ಆಂಟಿ ರೇಷ್ಮೆ ಸೀರೆಯಲ್ಲಿ.

"ಅಂಕಲ್..." ಎಂದೆ.

"ಸೆಟ್ಟಿಂಗ್ ಆಗಿರೋದು ನಮ್ಮ ಮೇಲೆ ಕಣಪ್ಪ. ಇಳಿದ್ರೆ ರಿಸ್ಕ್."

ಕೊನೆಯ ಸಲ ಕಾರು ನೋಡಿಹೋಗಲು ಬಂದಿದ್ದ ಮೆಕ್ಯಾನಿಕ್ ಮುಖ ನೋಡಿದೆ. ಅವರು ಟೈರು ನೋಡಿದರು. ಮದುಮಕ್ಕಳು ನಡುವೆ ನುಸುಳಿದರು. ಅಣ್ಣ ಅತ್ತಿಗೆ ಆಟೋ ಹಿಡಿದರು.

ಬನಶಂಕರಿಯ ಛತ್ರದವರೆಗೆ ಕಾರು ಒಮ್ಮೆಯೂ ನರಳಲಿಲ್ಲ. ಊರಿಂದ ಆಗತಾನೇ ಬಂದಿದ್ದ ಗಂಡಿನ ಕಡೆಯ ಹೆಂಗಸರು, ಕಾರಿನಿಂದ ಇಳಿದ ಅಂಕಲ್ ಆಂಟಿಗೆ ಪನ್ನೀರು ಚಿಮುಕಿಸಿ, "ಮಗಳನ್ನ ಎಷ್ಟು ಚೆನ್ನಾಗಿ ಬೆಳೆಸಿದ್ದೀರ!" ಎಂದು ಕೈಮುಗಿದರು. ಆಂಟಿ ಬೇಡವೆನ್ನಲಿಲ್ಲ.

ಹಿಂದೆಯೇ ಆಟೋದಿಂದ ಇಳಿದ ಅಣ್ಣ ಅತ್ತಿಗೆಗೂ ಪನ್ನೀರು ಬಿತ್ತು. "ಬನ್ನಿ ಬನ್ನಿ, ನೀವು ಯಾರ ಕಡೆಯವರು?"