ಮಹದೇವಸ್ವಾಮಿಯ ಸಾಧು ಜೀವಾಣು

ಭಾನುವಾರದ ಪತ್ರಿಕೆಯಲ್ಲಿ ಫೋಟೋ ಬಂದದ್ದೇ ಮಹದೇವಸ್ವಾಮಿಗೆ ಮುಳುವಾಯಿತು. ಫೋಟೋ ಚೆನ್ನಾಗಿಯೇ ಇತ್ತು. ಅದರ ಕೆಳಗೆ ‘ಕ್ಷಯದ ರೋಗಾಣು ಸಾಕುವ ಮೈಸೂರಿನ ಯುವಕ’ ಎಂದು ಬರೆದಿದ್ದರು.

ವಿದ್ಯಾರಣ್ಯಪುರಂನ ಆ ವಠಾರಕ್ಕೆ ಅವನು ಆರು ತಿಂಗಳ ಮಟ್ಟಿಗೆಂದು ಬಂದು ಆರು ವರ್ಷವಾಗಿತ್ತು. ಪಿಎಚ್‌ಡಿ ಪ್ರಬಂಧ ಮುಗಿಯಲು ಇನ್ನೆರಡು ತಿಂಗಳು ಬೇಕು. ಅಷ್ಟರೊಳಗೆ ಕೋಣೆ ಕೈಬಿಟ್ಟರೆ ಅವನ ಕತೆ ಮುಗಿದಂತೆ. ಈಗ ನೋಡಿದರೆ ಮನೆಯೊಡತಿ ಗಿರಿಜಾಂಬಾ ಮೂಗಿಗೆ ಸೆರಗು ಒತ್ತಿಕೊಂಡು, ಅವನ ಒಗೆದ ಅಂಗಿಯನ್ನು ಕೋಲಿನ ತುದಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಇವತ್ತೇ ಕೋಣೆ ಖಾಲಿ ಮಾಡಪ್ಪ. ವಠಾರದಲ್ಲಿ ಮಕ್ಕಳು ಮರಿ ಓಡಾಡ್ತವೆ.”

“ಅಮ್ಮಾ, ನಾನು ಸಾಕೋದು ಅದಲ್ಲ, ಅದರ ದಾಯಾದಿ. ಮಣ್ಣಲ್ಲಿರೋ ಸಾಧುಪ್ರಾಣಿ. ಅದೂ ಲ್ಯಾಬಲ್ಲಿ!”

“ದಾಯಾದಿ ಅಂದ್ಮೇಲೆ ವಂಶ ಒಂದೇ ಅಲ್ವೇನಯ್ಯಾ?” ಎಂದರು ಪಕ್ಕದ ಮನೆಯ ನಿವೃತ್ತ ಗಣಿತ ಮೇಷ್ಟ್ರು ಲಕ್ಷ್ಮೀನರಸಿಂಹ.

“ಹೂಂ ಕಣ್ರೀ, ನಮ್ಮ ದಾಯಾದಿಗಳ್ನ ಕಂಡಿಲ್ವಾ!” ಎಂದು ಎದುರುಮನೆಯ ಶಿವನಂಜಮ್ಮ ಒಗ್ಗರಣೆ ಹಾಕಿದರು.

ಮಹದೇವಸ್ವಾಮಿಗೆ ರೋಷ ಬಂತು. ಆರು ವರ್ಷದ ಓದು ಈಗ ಉಪಯೋಗಕ್ಕೆ ಬರದಿದ್ದರೆ ಇನ್ಯಾವಾಗ?

“ಈ ಕೋಣೇನೇ ನಮ್ಮ ರಕ್ತದ ಕಾವಲುಕೋಶ ಅಂದ್ಕೊಳ್ಳಿ. ಅದು ಜೀವಾಣೂನ ನುಂಗುತ್ತೆ, ಮೇಲೆ ಹುಳಿ ಸುರಿದು ಅರಗಿಸುತ್ತೆ. ನಾನು ಸಾಧು ಜೀವಾಣು. ಬಾಗಿಲು ತೆಗೆದಿದೆ. ಸುರೀರಿ ನೋಡೋಣ!”

ಗಿರಿಜಾಂಬಾ ತಡಮಾಡಲಿಲ್ಲ. ಹಿತ್ತಾಳೆ ಪಾತ್ರೆ ತಿಕ್ಕಲು ಕಿವುಚಿಟ್ಟ ಹುಣಸೆ ನೀರಿನ ಬಕೆಟ್ಟು ಅಲ್ಲೇ ಇತ್ತು. ಮಹದೇವಸ್ವಾಮಿ ಸಾರಿನಲ್ಲಿ ಅದ್ದಿದ ವಡೆಯಂತಾದ.

“ನೋಡಿದ್ರಾ? ಎರಡೇ ದಿನ, ಸಾಧು ತೆಪ್ಪಗೆ ಜಾಗ ಬಿಡುತ್ತೆ. ಈಗ ಕ್ಷಯದ ಪುಂಡನ್ನ ನೋಡಿ!” ಎನ್ನುತ್ತಾ ಒಳಗೆ ಹೋಗಿ ಚಿಲಕ ಹಾಕಿಕೊಂಡ. “ಸುರೀರಿ ಈಗ!”

ಉಳಿದರ್ಧ ಬಕೆಟ್ಟು ಬಾಗಿಲಿಗೆ ಬಡಿದು ಅಂಗಳಕ್ಕೆ ಹರಿಯಿತು.

“ಇವನು ಹುಳೀನ ಹತ್ರಾನೇ ಬಿಟ್ಕೊಳ್ಳಲ್ಲ,” ಒಳಗಿನಿಂದ ಗರ್ಜನೆ ಕೇಳಿತು. “ಕಾವಲುಗಾರನ ಮನೇಲೇ ವರ್ಷಗಟ್ಟಲೆ ಕೂತ್ಬುಡ್ತಾನೆ. ಜಪ್ಪಯ್ಯ ಅಂದ್ರೂ ಜಗ್ಗಲ್ಲ!”

ಅವನು ಚಿಲಕ ತೆಗೆದು ಹೊರಬಂದಾಗ ವಠಾರಕ್ಕೆ ವಠಾರವೇ ಚಪ್ಪಾಳೆ ತಟ್ಟಿತು. “ನೂರಕ್ಕೆ ನೂರು ಕಣಯ್ಯ!” ಎಂದರು ಮೇಷ್ಟ್ರು. ಶಿವನಂಜಮ್ಮ ಟವಲ್ಲು ತಂದುಕೊಟ್ಟರು. ಗಿರಿಜಾಂಬಾ ಕೋಲು ಬಿಸಾಡಿ, ಅಂಗಿಯನ್ನು ಕೈಯಿಂದಲೇ ತಂತಿಗೆ ಹಾಕಿದರು. ಆರು ವರ್ಷದಲ್ಲಿ ಅವನ ಗೈಡು ಕೂಡ ಹೀಗೆ ಮೆಚ್ಚಿರಲಿಲ್ಲ. ಮಹದೇವಸ್ವಾಮಿ ಸಂತೋಷದಿಂದ ಎಲ್ಲರಿಗೂ ಕೈಮುಗಿದ.

“ಬುದ್ಧಿವಂತ ಕಣಪ್ಪ ನೀನು,” ಎಂದರು ಗಿರಿಜಾಂಬಾ. “ಹೆದರಿಕೆ ಹೋಯ್ತು. ಎರಡು ದಿನಕ್ಕೆ ಜಾಗ ಬಿಡೋದು ಸಾಧು, ಚಿಲಕ ಹಾಕ್ಕೊಂಡು ವರ್ಷಗಟ್ಟಲೆ ಕೂರೋದು ಪುಂಡ. ಸರಿ ತಾನೇ?”

“ಕರೆಕ್ಟಮ್ಮಾ!”

“ನನ್ನ ತಂಗಿ ಮಗಳು ರಂಜನಿಗೆ ಈ ಕೋಣೆ ಬೇಕು ಅಂತ ಎರಡು ವರ್ಷದಿಂದ ನಿನ್ನ ಬಾಗಿಲು ಬಡೀತಿದೀನಿ. ಎಲ್ಲರ ಮುಂದೆ ಹೇಳ್ಬುಡು. ನೀನು ಯಾವುದು?”

ಸಾಧು ಎಂದರೆ ಕೋಣೆ ಹೋಯಿತು. ಪುಂಡ ಎಂದರೆ ಮಾನ ಹೋಯಿತು, ಜೊತೆಗೆ ಕೋಣೆಯೂ. ಮಹದೇವಸ್ವಾಮಿ ಮೂಗಿನ ತುದಿಯ ಹುಣಸೆ ನೀರು ಒರೆಸಿಕೊಂಡ.

“ಸಾಧು,” ಎಂದ.

“ನಂಗೊತ್ತಿತ್ತು!” ಎಂದು ಗಿರಿಜಾಂಬಾ ಹರ್ಷದಿಂದ ಕೂಗಿದರು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಶಿವನಂಜಮ್ಮ ಆರತಿ ತಟ್ಟೆ ತರಲು ಓಡಿದರು. ಎರಡು ದಿನವಾದರೂ ಯಾಕೆ ಕಾಯಬೇಕೆಂದು ನಾಲ್ಕು ಜನ ಆಗಲೇ ಮಂಚ ಎತ್ತಿದ್ದರು.

“ಹುಷಾರು ಕಣ್ರಯ್ಯಾ,” ಮುಂದೆ ನಿಂತು ದಾರಿ ಬಿಡಿಸುತ್ತಾ ಮೇಷ್ಟ್ರು ಹೇಳಿದರು, “ವಿಜ್ಞಾನಿ ಮಂಚ!”